ಶೀಟಪ್ಪನ ಖಾತೆಗಳು

ಬಳ್ಳಾರಿಯ ಜೀನ್ಸ್ ಘಟಕವಿರಲಿ, ಸಿರುಗುಪ್ಪದ ರೈಸ್ ಮಿಲ್ ಇರಲಿ, ಕುರುಗೋಡಿನ ಗೊಬ್ಬರದಂಗಡಿ ಇರಲಿ, ಕಂಪ್ಯೂಟರ್ ಮುಂದೆ ಒಬ್ಬ ಶೀಟಪ್ಪ ಕೂತೇ ಇರುತ್ತಾನೆ. ತಂದೆತಾಯಿ ಇಟ್ಟ ಹೆಸರು ಬೇರೆ ಇದ್ದೀತು, ಲಕ್ಷಣ ಒಂದೇ. ಅವನ ಎಕ್ಸೆಲ್ ಫೈಲಿನ ತಳದಲ್ಲಿ ಶೀಟುಗಳ ಸಾಲು ಪರದೆ ದಾಟಿ ಓಡುತ್ತಿರುತ್ತದೆ: ‘ಸಿರುಗುಪ್ಪ ಭತ್ತ’, ‘ಸಿರುಗುಪ್ಪ ಭತ್ತ ಹೊಸದು’, ‘ಕುರುಗೋಡು ಹಳೇ ಬಾಕಿ’, ‘ಸಾವ್ಕಾರ್ರು ನೋಡಿದ್ದು’, ‘ಸಾವ್ಕಾರ್ರು ನೋಡದ್ದು’, ‘ಶೀಟ್ 17’. ಶೀಟಿನ ಹೆಸರಿನಲ್ಲಿ ಓರೆಗೆರೆ ಹಾಕಲು ಎಕ್ಸೆಲ್ ಬಿಡುವುದಿಲ್ಲ. ಹಾಗಾಗಿ 2024/25 ಒಂದು ಕಡೆ ಅಡ್ಡಗೆರೆ, ಇನ್ನೊಂದು ಕಡೆ ಚುಕ್ಕೆ ಹೊತ್ತು ಎರಡು ಬೇರೆ ವರ್ಷಗಳಂತೆ ಕಾಣುತ್ತದೆ. ಜೊತೆಗೆ ಬಣ್ಣಗಳು. ಕೆಂಪು ಎಂದರೆ ಬಾಕಿಯೋ ಚುಕ್ತಾವೋ ಎಂದು ಕೇಳಿದರೆ, ‘ಅದು ಪಾರ್ಟಿ ಮ್ಯಾಲೆ ಐತ್ರಿ’ ಎಂಬ ಉತ್ತರ ಸಿದ್ಧ.

ಇವನನ್ನು ಸೋಮಾರಿ ಎನ್ನುವವರಿದ್ದಾರೆ. ಅದು ಅನ್ಯಾಯ. ಸೋಮಾರಿಯಾಗಿದ್ದರೆ ಒಂದೇ ಶೀಟಿನಲ್ಲಿ ನಿಲ್ಲಿಸುತ್ತಿದ್ದ. ಅವನ ತಪ್ಪು ಬೇರೆ: ಕಿರ್ದಿ ಬಿಟ್ಟು ಖಾತೆಗೆ ಕೈಹಾಕಿದ್ದಾನೆ. ಹಳೆಯ ದಲಾಲಿ ಅಂಗಡಿಯ ಗುಮಾಸ್ತ ಯಾರ ವ್ಯವಹಾರವೇ ಆಗಲಿ, ದಿನದ್ದನ್ನೆಲ್ಲ ಮೊದಲು ಒಂದೇ ಕಿರ್ದಿಗೆ ತಾರೀಖಿನ ಪ್ರಕಾರ ಇಳಿಸುತ್ತಿದ್ದ. ಆಮೇಲೆ ಅದರಿಂದಲೇ ಒಬ್ಬೊಬ್ಬರ ಖಾತೆಗೆ ಎತ್ತುತ್ತಿದ್ದ. ಮೂಲ ಒಂದು, ಖಾತೆ ನೂರು. ಶೀಟಪ್ಪನಿಗೆ ಖಾತೆ ನೂರು, ಮೂಲ ಇಲ್ಲ. ಪರಿಣಾಮ ಮೊತ್ತ ಹಾಕುವಾಗ ಗೊತ್ತಾಗುತ್ತದೆ. ಸಿರುಗುಪ್ಪದ ಶೀಟಿನಲ್ಲಿ ಭತ್ತ 75 ಕಿಲೋ ಚೀಲದ ಲೆಕ್ಕ, ಕುರುಗೋಡಿನದರಲ್ಲಿ ಮೆಣಸಿನಕಾಯಿ ಕ್ವಿಂಟಾಲಿನ ಲೆಕ್ಕ. ‘ಒಟ್ಟು’ ಶೀಟು ಎರಡನ್ನೂ ಕೂಡಿಸಿ, ಯಾವ ತಕ್ಕಡಿಯೂ ತೂಗದ ಒಂದು ಸಂಖ್ಯೆ ಕೊಡುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಶೀಟಪ್ಪ ಹೊಸಪೇಟೆಯ ಗಿರಾಕಿಗಳಿಗೆ ಹೊಸ ಶೀಟು ತೆರೆದ, ಹಳೆಯದರಿಂದ ಅವರನ್ನು ತೆಗೆಯಲಿಲ್ಲ. ಸರ್ಕಾರ ಜಿಲ್ಲೆಯನ್ನು ಇಬ್ಭಾಗ ಮಾಡಿತು, ಶೀಟಪ್ಪ ಬಾಕಿಯನ್ನು ಇಮ್ಮಡಿ ಮಾಡಿದ.

‘ಸಾವ್ಕಾರ್ರು ಬರೇ ಸಿರುಗುಪ್ಪದ್ದು ಕೇಳ್ತಾರ್ರಿ, ಬ್ಯಾರೆ ಶೀಟ್ ಇರಲಿಲ್ಲಂದ್ರ ಹೆಂಗೆ?’ ಎಂಬುದು ಅವನ ಮೊದಲ ವಾದ. ‘ಊರು’ ಎಂದೊಂದು ಕಾಲಂ ಇದ್ದರೆ ಫಿಲ್ಟರ್ ಒತ್ತಿದಾಗ ಸಿರುಗುಪ್ಪವೊಂದೇ ಉಳಿಯುತ್ತದೆ. ಖಾತೆಗೆ ಎತ್ತುವ ಕೆಲಸವನ್ನು ಪಿವೋಟ್ ಟೇಬಲ್ ಮಾಡುತ್ತದೆ. ಎಲ್ಲ ಒಂದೇ ಕಡೆ ಬರೆದರೆ ಶೀಟು ತುಂಬಿಹೋಗುವುದಿಲ್ಲವೇ ಎಂಬುದು ಎರಡನೆಯದು. ಈ ಭಯಕ್ಕೆ ಆಧಾರವಿಲ್ಲದಿಲ್ಲ: 2020ರಲ್ಲಿ ಇಂಗ್ಲೆಂಡಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋದದ್ದು ಎಕ್ಸೆಲ್ಲಿನ ಸಾಲು ತೀರಿದ್ದರಿಂದಲೇ. ಆದರೆ ಅದು 65,536 ಸಾಲಿನ ಹಳೆಯ ಫೈಲ್ ಮಾದರಿ. ಈಗಿನ ಶೀಟಿಗೆ 10,48,576 ಸಾಲು. ದಿನಕ್ಕೆ ನೂರು ನಮೂದಿನಂತೆ 28 ವರ್ಷ ಬರುತ್ತದೆ. ಪಾಲುದಾರರ ಕಣ್ಣಿಗೆ ಬೀಳಬಾರದ ಲೆಕ್ಕವನ್ನು ಬೇರೆ ಶೀಟಿನಲ್ಲಿ ಮುಚ್ಚಿಟ್ಟಿದ್ದೇನೆ ಎಂಬುದು ಮೂರನೆಯ ವಾದ. ಹೈಡ್ ಮಾಡಿದ ಶೀಟನ್ನು ಮೌಸಿನ ಬಲಗುಂಡಿ ಒತ್ತಿ ಯಾರಾದರೂ ಹೊರಗೆಳೆಯಬಹುದು. ಪಾಲುದಾರರು ಕಣ್ಮುಚ್ಚಿ ಕೂತಿರುವವರೆಗೆ ಮಾತ್ರ ಅದು ಗುಟ್ಟು.

ಹಾಗಾದರೆ ಶೀಟು ಒಂದೇ ಸಾಕೇ? ಸಾಲದು, ಮೂರು ಬೇಕು. ಕಿರ್ದಿಗೆ ಒಂದು, ಗಿರಾಕಿಗಳ ಹೆಸರು ಮತ್ತು ದರದ ಪಟ್ಟಿಗೆ ಒಂದು, ಸಾವ್ಕಾರ್ರು ನೋಡುವುದಕ್ಕೆ ಒಂದು. ಜಾತಿ ಬೇರೆಯಾದ ಮಾಹಿತಿಗೆ ಬೇರೆ ಶೀಟು, ಊರು ತಿಂಗಳು ಬೇರೆಯಾದರೆ ಬೇರೆ ಕಾಲಂ. ಇಷ್ಟು ಶೀಟಪ್ಪನಿಗೆ ತಿಳಿಯದೆಂದಲ್ಲ, ಅವನ ಆಸೆಯೇ ಬೇರೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಅವನು ರಜೆ ಹಾಕಿದ ದಿನ, ಯಾವ ಶೀಟಿನಲ್ಲಿ ಏನಿದೆ ಎಂದು ಕೇಳಿ ಸಾವ್ಕಾರ್ರು ತೇರು ಎಳೆಯುವ ಹೊತ್ತಿಗೂ ಫೋನ್ ಮಾಡಬೇಕು. ಪಕ್ಕದಲ್ಲಿದ್ದ ನೆಂಟರು ಅದನ್ನು ಕೇಳಿಸಿಕೊಳ್ಳಬೇಕು. ಮೂರು ಶೀಟಿನ ಗುಮಾಸ್ತನಿಗೆ ಆ ಫೋನ್ ಬರುವುದಿಲ್ಲ. ಆದ್ದರಿಂದ ಅವನನ್ನು ತಿದ್ದಲು ಎಕ್ಸೆಲ್ ತರಬೇತಿ ಕೊಡಿಸುವುದು ದಂಡ. ಸಂಬಳ ಹೆಚ್ಚಿಸಿ ‘ಮ್ಯಾನೇಜರ್’ ಎಂದು ಬೋರ್ಡ್ ಬರೆಸಿಕೊಟ್ಟರೆ ಮರುದಿನವೇ ಶೀಟುಗಳು ಕಡಿಮೆಯಾದಾವು.