ಆತಪಲೇಪ ಮೀಮಾಂಸೆ: ಗದಗ ಸೀಮೆಗೆ ಅನ್ವಯಿಸಿ ಬರೆದ ಅಸಮಗ್ರ ಪ್ರಬಂಧ

ಬಿಸಿಲಿನ ಬಗ್ಗೆ ಕನ್ನಡದಲ್ಲಿ ಬೈಗುಳ ಹೇರಳವಾಗಿವೆ, ಶಾಸ್ತ್ರ ಮಾತ್ರ ಇಲ್ಲ. ಈ ಕೊರತೆ ನೀಗಲೆಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ವಿದ್ಯಾಪೀಠಗಳ ಪರಂಪರೆಯನ್ನು ಆಧರಿಸಿದ ಈ ಪ್ರಬಂಧವನ್ನು ವಿದ್ವಲ್ಲೋಕದ ಪಾದಗಳಿಗೆ ಅರ್ಪಿಸಲಾಗಿದೆ. ಆ ಪಾದಗಳ ಮೇಲೆ ಚಪ್ಪಲಿಯ ಪಟ್ಟಿ ಇದ್ದಲ್ಲಿ ಒಂದು ಬಣ್ಣ, ಇಲ್ಲದಲ್ಲಿ ಇನ್ನೊಂದು ಬಣ್ಣ ಇರುವುದನ್ನು ಓದುಗರು ಬಗ್ಗಿ ನೋಡಿಕೊಳ್ಳಬೇಕು. ಪ್ರಬಂಧದ ಮೊದಲ ಸಾಕ್ಷ್ಯ ಅದೇ.

ಶಾಸ್ತ್ರವೆಂದ ಮೇಲೆ ಕಾಲನಿರ್ಣಯ ಮೊದಲು. ಸೂರ್ಯ ಉಗ್ರನಾಗುವುದು ಬ್ಯಾಸಗಿಯಲ್ಲಿ ಮಾತ್ರ ಎಂಬುದರಲ್ಲಿ ನಾಲ್ಕೂ ಪೀಠಗಳಿಗೆ ಒಮ್ಮತವಿದೆ. ಒಮ್ಮತ ಇರುವಲ್ಲಿ ಸಂಶೋಧಕ ಇಣುಕಬೇಕು. ಗದಗ ಇರುವುದು ಹದಿನೈದೂವರೆ ಡಿಗ್ರಿಗೆ ತುಸು ಕಡಿಮೆ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಸೂರ್ಯ ಇಲ್ಲಿ ನೆಟ್ಟ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಮೇ ತಿಂಗಳ ಮೊದಲ ದಿನಗಳಲ್ಲಿ ಒಮ್ಮೆ, ಆಗಸ್ಟ್ 10-12ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆಗ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ನಮ್ಮ ನೆರಳು ನಮ್ಮ ಕಾಲಡಿಗೇ ಸೇರಿಬಿಡುತ್ತದೆ. ಎರಡನೆಯ ಸಲದ ಹೊತ್ತಿಗೆ ಶ್ರಾವಣ. ಹೆಸರು ಬಿಡಿಸುವ, ಉಳ್ಳಾಗಡ್ಡಿ ಕಳೆ ತೆಗೆಯುವ ಹಂಗಾಮು. ತೆಳ್ಳಗೆ ಮೋಡ ಕವಿದಿರುತ್ತದೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಭರಾಟೆಯಿಂದ ತಿರುಗುತ್ತಿರುತ್ತವೆ, "ಎಲ್ಲೈತ್ರಿ ಬಿಸ್ಲು?" ಎಂದು ಯಾರಾದರೂ ಕೇಳುತ್ತಾರೆ. ಇದು ಪ್ರತ್ಯಕ್ಷ ಪ್ರಮಾಣದ ದೋಷ. ಸೆಕೆ ಬೇರೆ, ನೇರಳಾತೀತ ಕಿರಣ ಬೇರೆ. ಕಪ್ಪತಗುಡ್ಡದ ಗಾಳಿ ಮೊದಲನೆಯದನ್ನು ಹೊಡೆದೋಡಿಸಬಲ್ಲದು. ಎರಡನೆಯದರ ಒಂದು ಕೂದಲೂ ಅದರಿಂದ ಕೊಂಕುವುದಿಲ್ಲ. ತೆಳು ಮೋಡವನ್ನಂತೂ ಆ ಕಿರಣ ಲೆಕ್ಕಕ್ಕೇ ಇಡುವುದಿಲ್ಲ. ಅಳೆಯಲು ಉಪಕರಣವೂ ಬೇಡ: ನೆರಳು ನಮಗಿಂತ ಗಿಡ್ಡಾಗಿದ್ದರೆ ಕಿರಣ ಖಾರವಾಗಿದೆ ಎಂದು ತಿಳಿಯತಕ್ಕದ್ದು.

ಈಗ ಪೂರ್ವಪಕ್ಷ. "ನಾವು ಮೊದ್ಲ ಕರ್ರಗ ಅದೀವಿ, ಇನ್ನೇನ್ ಸುಡ್ತೈತಿ?" ಇದನ್ನು ಮುಂಡರಗಿ ಸಂಪ್ರದಾಯವೆಂದು ಕರೆಯೋಣವೆಂದರೆ ಉಳಿದ ಮೂರು ಪೀಠಗಳೂ ತಮ್ಮದೇ ಎಂದು ಹಕ್ಕು ಸಾಧಿಸುತ್ತವೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಚರ್ಮದೊಳಗಿನ ಮೆಲನಿನ್ ಹುಟ್ಟಿನಿಂದಲೇ ಬಂದ ಕೊಡೆ; ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹಳ ಕಡಿಮೆ. ಆದರೆ ಕೆನ್ನೆಯ ಎಲುಬಿನ ಮೇಲೆ, ಹಣೆಯ ಮೇಲೆ ನಕಾಶೆ ಬರೆಯುವ ಬಂಗು ಕಂದು ಚರ್ಮವನ್ನೇ ಹುಡುಕಿಕೊಂಡು ಬರುತ್ತದೆ. ಅದನ್ನು ಕೆರಳಿಸಲು ನೇರಳಾತೀತವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಸಾಕು. ಅದಕ್ಕೇ ಬಂಗು ಇದ್ದವರಿಗೆ ಚರ್ಮದ ಡಾಕ್ಟರು ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ಹೇಳುತ್ತಾರೆ. ಪೂರ್ವಪಕ್ಷ ಅರ್ಧ ನಿಂತಿತು, ಅರ್ಧ ಬಿತ್ತು. ತರ್ಕದಲ್ಲಿ ಇಷ್ಟು ಸಿಕ್ಕರೆ ಲಾಭವೇ.

ಇನ್ನು ಲೇಪದ ವಂಶಾವಳಿ. ಆಸ್ಟ್ರಿಯಾದ ಫ್ರಾನ್ಜ್ ಗ್ರೈಟರ್ ಎಂಬ ರಸಾಯನ ವಿದ್ಯಾರ್ಥಿ 1938ರಲ್ಲಿ ಪಿಜ್ ಬುಯಿನ್ ಎಂಬ ಹಿಮಪರ್ವತ ಹತ್ತಿ ಮುಖ ಸುಟ್ಟುಕೊಂಡ, 1946ರಲ್ಲಿ ಒಂದು ಕ್ರೀಮು ಹೊರತಂದ. ಗದಗ ಸೀಮೆಯವರು ಅವನಿಗಿಂತ ಎಷ್ಟೋ ಶತಮಾನ ಮೊದಲಿನಿಂದ ಮುಖ ಸುಟ್ಟುಕೊಂಡಿದ್ದರೂ ಕ್ರೀಮು ಹೊರತರಲಿಲ್ಲ, ರುಮಾಲು ಹೊರತಂದರು. ಯಾವುದು ಮೇಲು ಎಂಬುದನ್ನು ಮುಂದೆ ವಿಚಾರಿಸಲಾಗುವುದು.

ಗ್ರೈಟರನ ಪರಂಪರೆಯವರು ಎಸ್‌ಪಿಎಫ್ ಎಂಬ ಅಂಕಿ ಹಿಡಿದುಕೊಂಡಿದ್ದಾರೆ. ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ 15ರದು ಶೇಕಡಾ 93ರಷ್ಟನ್ನು, 30ರದು 97ರಷ್ಟನ್ನು, 50ರದು 98ರಷ್ಟನ್ನು ತಡೆಯುತ್ತದೆ. ಅಂದರೆ 30ಕ್ಕೂ 50ಕ್ಕೂ ನಡುವಿನ ಅಂತರ ಶೇಕಡಾ ಒಂದು. 50 ಹಚ್ಚಿದವರು 30 ಹಚ್ಚಿದವರನ್ನು ನೋಡುವ ನೋಟದಲ್ಲಿ ಇದಕ್ಕಿಂತ ಹೆಚ್ಚು ಅಂತರ ಇರುತ್ತದೆ. ಅಂಕಿಯ ಪಕ್ಕ ಪಿಎ ಎಂದು ಬರೆದು ಅಧಿಕ ಚಿಹ್ನೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅದು ಜಪಾನಿನಿಂದ ಬಂದ ಪದ್ಧತಿ. ಚರ್ಮದ ಆಳಕ್ಕೆ ಇಳಿಯುವ ಯುವಿಎ ಕಿರಣಕ್ಕೆ ಸಂಬಂಧಪಟ್ಟದ್ದು. ಬಂಗಿನವರು, ಸುಕ್ಕಿನವರು ಆ ಚಿಹ್ನೆಗಳನ್ನು ಎಣಿಸಿಯೇ ದುಡ್ಡು ಬಿಚ್ಚತಕ್ಕದ್ದು.

ಆದರೆ ಔಷಧ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಪ್ರಶ್ನೆ ಇವೆರಡೂ ಅಲ್ಲ. "ಇದನ್ನ ಹಚ್ಚಿದ್ರ ಬೆಳ್ಳಗಾಗ್ತಾರೇನ್ರಿ?" ಇಡೀ ಶಾಸ್ತ್ರ ಕುಸಿದು ಕೂರುವುದು ಈ ಜಾಗದಲ್ಲಿ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕನ್ಯೆ ನೋಡಲು ಬರುವವರ ಕಣ್ಣು ಇನ್ನೂ 1975ರಲ್ಲೇ ಇದೆ. ಮದುವೆ ಗೊತ್ತಾಗುವವರೆಗೆ ಟ್ಯೂಬು, ಗೊತ್ತಾದ ಮೇಲೆ ಹೊಲ. ಬಿಸಿಲು ಮಾತ್ರ ಎರಡೂ ಕಡೆ ಅದೇ. ಬೆಳ್ಳಗಾಗುವ ಆಸೆಯನ್ನು ಅಕ್ಷರಶಃ ಪೂರೈಸುವ ಒಂದು ಜಾತಿಯ ಲೇಪವೂ ಉಂಟು: ಜಿಂಕ್ ಆಕ್ಸೈಡ್ ಇರುವಂಥದ್ದು. ಸೂಕ್ಷ್ಮ ಚರ್ಮಕ್ಕೆ ಅದು ಒಗ್ಗುತ್ತದೆ, ಆದರೆ ನಮ್ಮ ಮಾರಿಯ ಮೇಲೆ ಬೂದಿ ಬಳಿದಂತೆ ಕೂರುತ್ತದೆ. ಅದನ್ನು ಧಾರಾಳವಾಗಿ ಹಚ್ಚಿಕೊಂಡು ತೋಂಟದಾರ್ಯ ಮಠದ ಮುಂದೆ ಹಾದುಹೋದವರಿಗೆ "ಪೂಜಿ ಮುಗಿಸ್ಕೊಂಡ ಬಂದ್ರೇನ್ರಿ?" ಎಂಬ ಗೌರವ ಅನಾಯಾಸವಾಗಿ ಸಿಗುತ್ತದೆ.

ಇಲ್ಲಿಗೆ ಪ್ರಬಂಧದ ಗಣಿತಖಂಡ. ಪ್ರಯೋಗಾಲಯದಲ್ಲಿ ಆ ಅಂಕಿಗಳನ್ನು ಅಳೆಯುವುದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚಿ. ಇಡೀ ಮೈಗೆ ಆ ಲೆಕ್ಕದಲ್ಲಿ ಸುಮಾರು 30 ಗ್ರಾಂ ಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಎಂಟು ತಾಸು ಕಳೆ ತೆಗೆಯುವ ಹೆಣ್ಣುಮಗಳಿಗೆ ನಾಲ್ಕು ಸಲ, ಅಂದರೆ 120 ಗ್ರಾಂ. 50 ಗ್ರಾಮಿನ ಟ್ಯೂಬಿಗೆ ನಾಲ್ಕು ನೂರು ಎಂದು ಹಿಡಿದರೆ ದಿನದ ಖರ್ಚು 960 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ 370. ಆಕೆ ದಿನಕ್ಕೆ 590 ರೂಪಾಯಿ ಸಾಲ ಮಾಡಿ ಕಳೆ ತೆಗೆಯಬೇಕಾಗುತ್ತದೆ. ಜಗತ್ತಿನ ಯಾವ ಜಾಹೀರಾತಿನಲ್ಲೂ ಆಕೆ ಇಲ್ಲದಿರುವುದಕ್ಕೆ ಕಾರಣ ಈ ಒಂದು ವ್ಯವಕಲನ; ಅಲ್ಲಿ ಇರುವವಳು ಕಾರಿನಿಂದ ಇಳಿದು ಏಳು ಹೆಜ್ಜೆ ನಡೆಯುವವಳು.

ಶಿರಹಟ್ಟಿ, ಮುಂಡರಗಿ ಹೊಲಗಳಲ್ಲಿ ಈ ಸಮಸ್ಯೆಗೆ ಎಂದೋ ಉತ್ತರ ಸಿಕ್ಕಿದೆ: ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಅಂಗಿ, ತಲೆಗೆ ಟಾವೆಲ್, ಅದರ ಮೇಲೆ ಸೆರಗು. ವಸ್ತ್ರವಾದಿಗಳ ಈ ಶಾಖೆಯನ್ನು ಚರ್ಮಶಾಸ್ತ್ರವೂ ಮೊದಲ ಪಂಕ್ತಿಯಲ್ಲೇ ಕೂರಿಸುತ್ತದೆ. ಅಂಗಿ ಬೆವರಿಗೆ ಇಳಿದುಹೋಗುವುದಿಲ್ಲ, ಎರಡು ತಾಸಿಗೊಮ್ಮೆ ಹಚ್ಚಬೇಕಿಲ್ಲ, ಅವಧಿ ಮುಗಿಯುವ ದಿನಾಂಕವೂ ಇಲ್ಲ. ಇನ್ನು ಉಳಿದದ್ದು ಮಾರಿ, ಕುತ್ತಿಗೆ, ಮುಂಗೈ. ಮಾರಿ-ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿದರೆ ಸಾಕು. ನಾಲ್ಕು ಸಲಕ್ಕೆ ಐವತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಅದೂ ಕಡಿಮೆ ದುಡ್ಡೇನಲ್ಲ. ಇತ್ತ ಪೇಟೆಯ ಲೇಪವಾದಿಗಳು ಕಡಲೆಕಾಳಿನಷ್ಟನ್ನು ಬೆಳಗ್ಗೆ ಒಮ್ಮೆ ಮಾರಿಗೆ ತೋರಿಸಿ, ಸಂಜೆವರೆಗೆ 50ರ ಫಲ ಬೇಡುತ್ತಾರೆ.

ವಸ್ತ್ರವಾದದಲ್ಲೂ ಉಪಭೇದಗಳಿವೆ. ನೇಯ್ಗೆ ಒತ್ತಾಗಿರಬೇಕು, ಬಣ್ಣ ಗಾಢವಾಗಿರಬೇಕು. ಬೆಟಗೇರಿಯ ನೇಕಾರರಿಗೆ ಇದನ್ನು ಹೇಳಹೋಗುವುದು ಅಧಿಕಪ್ರಸಂಗ. ಮೂರನೆಯ ಷರತ್ತು, ಬಟ್ಟೆ ಒಣಗಿರಬೇಕು. ತೆಳು ಹತ್ತಿ ಬಟ್ಟೆ ಒದ್ದೆಯಾದರೆ ಕಿರಣ ಸಲೀಸಾಗಿ ಒಳಗೆ ಬರುತ್ತದೆ. ಇಲ್ಲಿ ಒಂದು ಸಾಹಿತ್ಯಿಕ ಆಕ್ಷೇಪ ಏಳುತ್ತದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕೂತು, ಅದು ಒಣಗುವ ತನಕ ಮಾತ್ರ ಬರೆಯುತ್ತಿದ್ದನೆಂದು ಐತಿಹ್ಯ. ಹಾಗಾದರೆ ಮಹಾಕವಿಯ ಚರ್ಮರಕ್ಷಣೆಯ ಗತಿಯೇನು? ಸಮಾಧಾನ: ಅವನು ಕೂತದ್ದು ಕಲ್ಲಿನ ಚಾವಣಿಯ ಕೆಳಗೆ, ಕಂಬದ ಬುಡದಲ್ಲಿ. ನೆರಳಿನಲ್ಲಿ ಕೂತವರಿಗೆ ಒದ್ದೆ ಬಟ್ಟೆಯೂ ನಡೆಯುತ್ತದೆ, ಹತ್ತು ಪರ್ವವೂ ಆಗುತ್ತದೆ.

ನೆರಳು ಸಾಕು ಎಂದ ಕೂಡಲೇ ಬಸ್ಸಿನಲ್ಲಿ ಕಿಟಕಿಯ ಗಾಜು ಎಳೆದುಕೊಂಡು ಕೂತವರು ತಾವೂ ನೆರಳಲ್ಲೇ ಇದ್ದೇವೆ ಎನ್ನುತ್ತಾರೆ. ಮಾಮೂಲಿ ಗಾಜು ಚರ್ಮ ಕೆಂಪಾಗಿಸುವ ಯುವಿಬಿಯನ್ನು ತಡೆಯುತ್ತದೆ, ಯುವಿಎಗೆ ದಾರಿ ಬಿಡುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದವನೊಬ್ಬನ ಮುಖದ ಎಡಭಾಗ ಮಾತ್ರ ಮುದುಕನಂತೆ ಸುಕ್ಕುಗಟ್ಟಿದ್ದ ಚಿತ್ರವನ್ನು 2012ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆ ಪ್ರಕಟಿಸಿತು. ಅಲ್ಲಿ ಚಾಲಕರು ಎಡಕ್ಕೆ ಕೂರುತ್ತಾರೆ. ನಮ್ಮಲ್ಲಿ ಬಲಕ್ಕೆ. ಗದಗ-ಮುಂಡರಗಿ ರಸ್ತೆಯ ಹಿರಿಯ ಚಾಲಕರ ಬಲಗೆನ್ನೆಯನ್ನೂ ಬಲ ಮೊಣಕೈಯನ್ನೂ ಎಡದವುಗಳೊಡನೆ ಹೋಲಿಸಿ ನೋಡುವುದು ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಯೋಗ್ಯ ವಿಷಯ. ಪ್ರಯಾಣಿಕರಿಗೆ ಸೂತ್ರ ಸರಳ: ಬೆಳಗ್ಗೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವಾಗ ಬಲಗಡೆಯ ಸೀಟು ಹಿಡಿಯಿರಿ. ಸೀಟು ಸಿಗುವುದು ಬೇರೆ ಶಾಸ್ತ್ರ.

ಸಂಪೂರ್ಣ ಬಿಸಿಲುತ್ಯಾಗದ ಪಂಥವೂ ಒಂದಿದೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಇದೇ ಸೀಮೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬ್ಯಾಸಗಿ ಬಲಿಯುವ ಮೊದಲೇ ಗಂಟುಮೂಟೆ ಕಟ್ಟುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆ ಸಿಕ್ಕರೂ ಮೇ ತಿಂಗಳಿಗೆ ಉಳಿಯುವ ಮನಸ್ಸು ಅವು ಮಾಡಿಲ್ಲ.

ಕೊನೆಯದಾಗಿ ಟ್ಯೂಬಿನ ಯೋಗಕ್ಷೇಮ. ಸ್ಕೂಟರಿನ ಡಿಕ್ಕಿಯಲ್ಲಿ ಅದನ್ನು ಇಟ್ಟು ಕಚೇರಿಯ ಮುಂದೆ ಬಿಸಿಲಿಗೆ ನಿಲ್ಲಿಸುವವರು ಬಹಳ. ಒಳಗೆ ಕ್ರೀಮು ಕಾದು, ನೀರು ಬೇರೆ ಎಣ್ಣೆ ಬೇರೆ ಆಗಿ, ಕೆಲಸಕ್ಕೆ ಬಾರದಂತಾಗುತ್ತದೆ. ಟ್ಯೂಬಿನ ಬೆನ್ನ ಮೇಲೆ ಇರುವೆಗಾತ್ರದ ಅಕ್ಷರದಲ್ಲಿ ಅದನ್ನು ಬರೆದೂ ಇರುತ್ತಾರೆ: ನೇರ ಬಿಸಿಲಿನಿಂದ ದೂರವಿಡಿ. ಈ ವಾಕ್ಯ ಕ್ರೀಮಿಗೋ, ಹಚ್ಚಿಕೊಳ್ಳುವವರಿಗೋ ಎಂಬುದರ ಮೇಲೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ವಾದ ಇನ್ನೂ ನಡೆದಿದೆ. ವಾದಿಗಳೆಲ್ಲ ಚಾದಂಗಡಿಯ ತಗಡಿನ ಕೆಳಗೆ ನಿಂತಿದ್ದಾರೆ.