ಇನ್ಮೇಲೆ ಮೀಟಿಂಗ್ ಜರ್ಮನ್‌ನಲ್ಲಂತೆ!

ಏನ್ರೀ, ಮುಖ ಯಾಕೆ ಹೀಗೆ ಹುಳ್ಳಗಾಗಿದೆ? ಮೇಲ್ ಬಂತಾ? ಮುಂದಿನ ತಿಂಗಳಿಂದ ಟೀಮ್ ಮೀಟಿಂಗೆಲ್ಲ ಜರ್ಮನ್‌ನಲ್ಲಿ ಅಂತ ತಾನೇ? ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಸಾಕು ಅಂದಿದ್ರು, ನಿಜ. ಹೊಸ ಬಾಸ್ ಬಂದ, ಗಾಳಿ ತಿರುಗಿತು. ಬೈಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಸ್ಟುಟ್‌ಗಾರ್ಟ್‌ಗೆ ಬಂದು ವರ್ಷ ಆಯ್ತಲ್ಲ, ಅಷ್ಟು ದಿನ ಏನ್ ಮಾಡ್ತಿದ್ರಿ?

ನಾನೇ ಹೇಳ್ಲಾ? ಭಾನುವಾರ ಆದ್ರೆ ಕನ್ನಡದವರ ಮನೇಲಿ ಬಿಸಿಬೇಳೆಬಾತ್. ಬೇಕರೀಲಿ ಬೆರಳು ತೋರಿಸಿ ಬ್ರೆಡ್ಡು. ಸರ್ಕಾರಿ ಕಾಗದ ಬಂದ್ರೆ ಫೋನ್ ಕ್ಯಾಮೆರಾ ಹಿಡಿದು ಗೂಗಲ್ ಟ್ರಾನ್ಸ್‌ಲೇಟ್. ಡ್ಯುಯೋಲಿಂಗೋ ಸ್ಟ್ರೀಕ್ ಮಾತ್ರ ತಪ್ಪಿಸಿಲ್ಲ (ರಾತ್ರಿ ಹನ್ನೊಂದೂ ಮುಕ್ಕಾಲಿಗೆ, ಹಾಸಿಗೆಯಲ್ಲಿ, ಒಂದೇ ಒಂದು ಪಾಠ). ಆಫೀಸಲ್ಲಿ ಯಾರು ಏನಂದ್ರೂ ‘ಗೆನಾವ್’ (ಹೌದು, ಅದೇ) ಅಂತ ತಲೆಯಾಡಿಸೋದು. ಒಪ್ಪಿಕೊಂಡಿದ್ದು ಏನನ್ನ ಅಂತ ಆ ದೇವರಿಗೇ ಗೊತ್ತು!

ಭಾಷೆ ಕಷ್ಟ ಅಂತೀರಾ? ಕಷ್ಟಾನೇ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ ಲಿಂಗ. 54 ಅನ್ನೋಕೆ ಮೊದಲು ನಾಲ್ಕು, ಆಮೇಲೆ ಐವತ್ತು. ಬಜೆಟ್ ಮೀಟಿಂಗಲ್ಲಿ ನೀವು 45 ಅಂತ ಬರ್ಕೊಂಡು ಕೂತಿರ್ತೀರಿ. ಆದ್ರೆ ವಿಭಕ್ತಿ ನಾಲ್ಕೇ ಕಣ್ರೀ! ಪ್ರಥಮಾದಿಂದ ಸಪ್ತಮೀವರೆಗೆ ಬಾಯಿಪಾಠ ಮಾಡಿ ಬಂದವರು ನಾಲ್ಕಕ್ಕೆ ಹೆದರೋದಾ? ‘ಯಾಕಂದ್ರೆ’ ಅಂತ ಶುರು ಮಾಡಿದ್ರೆ ಕ್ರಿಯಾಪದ ನಮ್ಮ ಕನ್ನಡದ ಥರಾನೇ ಕೊನೆಗೆ ಹೋಗಿ ಕೂರುತ್ತೆ.

ನಿಜ ಹೇಳಿ, ಅಡ್ಡ ಬರ್ತಿರೋದು ನಾಚಿಕೆ ಅಲ್ವಾ? ಇಂಗ್ಲಿಷಲ್ಲಿ ಪ್ರೆಸೆಂಟೇಶನ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದ ಬಾಯಿ ಈಗ ಎಲ್‌ಕೆಜಿ ಮಗು ಥರ ತೊದಲಬೇಕಲ್ಲ! ನಿಮ್ಮ ಒದ್ದಾಟ ನೋಡಲಾಗದೆ ಪಕ್ಕದವನು ಇಂಗ್ಲಿಷಿಗೆ ಜಾರ್ತಾನೆ. ನೀವೂ ಉಸ್ಸಪ್ಪಾ ಅಂತ ಹಿಂದೇನೇ ಜಾರ್ತೀರಿ.

ಬೆಂಗಳೂರಲ್ಲಿ ನೀವು ಮಾಡ್ತಿದ್ದುದೂ ಇದೇ, ಮರೆತ್ರಾ? ಪಟ್ನಾದ ಹುಡುಗ “ಊಟ ಆಯ್ತಾ” ಅಂದ ಕೂಡ್ಲೇ ಹಿಂದೀಲಿ ಉತ್ತರ ಕೊಟ್ಟು ಅವನ ಕನ್ನಡಾನ ಅಲ್ಲಿಗೇ ಮುಗಿಸಿಬಿಡ್ತಿದ್ರಿ. (ಸಂಜೆ ಫೇಸ್‌ಬುಕ್ಕಲ್ಲಿ ‘ಹೊರಗಿನವರು ಕನ್ನಡ ಕಲಿಯೋದೇ ಇಲ್ಲ’ ಅಂತ ಪೋಸ್ಟು ಬೇರೆ!)

ಬಾಸ್ ಹತ್ರ ಜಗಳ ಬೇಡ, ಕೇಳೋದನ್ನ ಕೇಳಿ. ಜರ್ಮನ್ ಕೋರ್ಸ್ ಫೀಸು ಕಂಪನಿ ಕಟ್ಟುತ್ತಾ? ಅಜೆಂಡಾ ಹಿಂದಿನ ದಿನಾನೇ ಕಳಿಸ್ತೀರಾ? ಬಿ1 ಮಟ್ಟದ ಪರೀಕ್ಷೆ ಪಾಸಾದ್ರೆ ಲಾಭ ನಿಮಗೇ: ಬ್ಲೂ ಕಾರ್ಡ್ ಅನ್ನೋ ಕೆಲಸದ ಪರವಾನಗಿ ಇರೋರಿಗೆ ಕಾಯಂ ವಾಸದ ಪರವಾನಗಿ 27 ತಿಂಗಳ ಬದಲು 21ಕ್ಕೇ ಸಿಗಬಹುದು.

ಮತ್ತೆ, ಒಂದು ಗುಟ್ಟು (ಮೇಷ್ಟ್ರಿಗೆ ಹೇಳ್ಬೇಡಿ). ಪದದ ಲಿಂಗ ನೆನಪಾಗ್ಲಿಲ್ವಾ? ಪದದ ಮುಂದೆ ಹಾಕೋ ಡೆರ್, ಡಿ, ಡಾಸ್ ಮೂರೂ ಬೇಡ. ಬರೀ ‘ಡ್’ ಅಂತ ಗೊಣಗಿ ಮುಂದಕ್ಕೆ ಓಡಿ. ಎಷ್ಟೋ ವರ್ಷದಿಂದ ಇಲ್ಲೇ ಇರೋರೂ ಹಾಗೇ ದಾಟ್ಕೊಂಡಿರೋದು!