ಆಕಿಲ್ ದ್ವೀಪದ ಕಾಂಕ್ರೀಟ್ ಯುಗ: ಕಾಲನಿರ್ಣಯದ ಕೆಲವು ತೊಡಕುಗಳು

ಐರ್ಲೆಂಡಿನ ಪಶ್ಚಿಮಕ್ಕೆ, ಮೇಯೊ ಜಿಲ್ಲೆಗೆ ಸೇತುವೆಯೊಂದರಿಂದ ತಗುಲಿಕೊಂಡಿರುವ ಆಕಿಲ್ 148 ಚದರ ಕಿಲೋಮೀಟರಿನ ದ್ವೀಪ. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಇಷ್ಟು ಜನಕ್ಕೆ ಅಷ್ಟೊಂದು ಮನೆಗಳೇಕೆ, ಅಷ್ಟೊಂದು ಮನೆಗಳಿದ್ದೂ ಚಳಿಗಾಲದಲ್ಲಿ ಕೆಲವಕ್ಕೆ ಮಾತ್ರ ದೀಪವೇಕೆ ಎಂಬ ಎರಡು ಪ್ರಶ್ನೆಗಳು ವಿದ್ವತ್ ಲೋಕದ ಗಮನ ಬೇಡುತ್ತವೆ. ಕಡಲತೀರದ ಐಷಾರಾಮಿ ವಸತಿ ನಿರ್ಮಾಣ ಇಲ್ಲಿ ಎಷ್ಟು ಮುಂದುವರಿದಿದೆ ಎಂಬುದನ್ನು ಪ್ರಸ್ತುತ ಪ್ರಬಂಧವು ಹಸುಗಳಿಂದ ಆರಂಭಿಸಿ ಪರಿಶೀಲಿಸುತ್ತದೆ. ಹಸುಗಳಿಂದಲೇ ಏಕೆಂದರೆ, ಈ ದ್ವೀಪದಲ್ಲಿ ಬೇಸಿಗೆ ಕಳೆಯಲು ಮನೆ ಬದಲಾಯಿಸಿದವರಲ್ಲಿ ಅವೇ ಮೊದಲಿಗರು.

671 ಮೀಟರ್ ಎತ್ತರದ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಸೂರಿಲ್ಲದ ಕಲ್ಲುಮನೆಗಳ ಉದ್ದನೆಯ ಸಾಲೊಂದಿದೆ. ಲೆಕ್ಕ ಹಾಕುವವರಿಗೆ ತಕ್ಕಂತೆ ಎಂಬತ್ತರಿಂದ ನೂರು. 1840ರ ದಶಕದ ಆಲೂಗಡ್ಡೆ ಕ್ಷಾಮವೂ ಜಮೀನ್ದಾರರ ಕಾಟವೂ ಸೇರಿ ಇಲ್ಲಿನ ಜನ ಕಡಲ ಪಕ್ಕದ ಡೂಆಗ್ ಊರಿಗೆ ಇಳಿದರು. ಆದರೂ ಬೇಸಿಗೆ ಬಂತೆಂದರೆ ದನ ಹೊಡೆದುಕೊಂಡು ಮತ್ತೆ ಮೇಲಕ್ಕೆ. 20ನೇ ಶತಮಾನದಲ್ಲೂ ಈ ರೂಢಿ ಕೆಲಕಾಲ ಉಳಿದಿತ್ತು. ಇದ್ದದ್ದು ಒಂದೇ ಕೋಣೆ, ಆ ತುದಿಗೆ ದನ, ಈ ತುದಿಗೆ ಜನ. ಹಗ್ಗ ಬಿಗಿಯಲು ಗೋಡೆಯಲ್ಲಿ ಕೂಡಿಸಿದ ಬಳೆಗಳನ್ನು ಉತ್ಖನನಕಾರರು ಗುರುತಿಸಿದ್ದಾರೆ. ಇಂದಿನ ದಲ್ಲಾಳಿಯ ಕೈಗೆ ಸಿಕ್ಕಿದ್ದರೆ ಜಾಹೀರಾತು ತಾನಾಗಿ ಹುಟ್ಟುತ್ತಿತ್ತು: ಬೆಟ್ಟದ ಹಿನ್ನೆಲೆ, ಸಮುದ್ರದ ನೋಟ, ಓಪನ್ ಪ್ಲಾನ್, ಪಾರ್ಕಿಂಗ್ ಮನೆಯೊಳಗೇ.

ಎರಡನೆಯ ಘಟ್ಟಕ್ಕೆ ಆಧಾರ 1995ರ ಐರಿಶ್ ಹಣಕಾಸು ಕಾಯ್ದೆ. ಕರ್ನಾಟಕದ ದಾನಶಾಸನಗಳಲ್ಲಿ ಪಳಗಿದ ಕಣ್ಣಿಗೆ ಇದರ ಧಾಟಿ ಹೊಸದಲ್ಲ. ದೊರೆ ಪ್ರಸನ್ನನಾಗುತ್ತಾನೆ, ಭೂಮಿಯನ್ನು ಸರ್ವಮಾನ್ಯವಾಗಿ ಬಿಡುತ್ತಾನೆ. ಇಲ್ಲಿ ಸರಕಾರ ಪ್ರಸನ್ನವಾಗಿ ಆಕಿಲ್, ಬಂಡೋರನ್, ಕಿಲ್ಕೀ, ಕೋರ್ಟೌನ್, ಟ್ರಮೋರ್ ಮೊದಲಾದ 15 ಕಡಲೂರುಗಳನ್ನು ಆರಿಸಿತು. ಅಲ್ಲಿ ಹೋಟೆಲು, ರಜಾಮನೆ, ಬಾಡಿಗೆಮನೆ ಕಟ್ಟುವವರು ಆ ಖರ್ಚನ್ನು ತಮ್ಮ ವರಮಾನದಲ್ಲಿ ಕಳೆದು ತೆರಿಗೆ ಉಳಿಸಿಕೊಳ್ಳಬಹುದಿತ್ತು. ಸೊರಗಿದ ಹಳೆಯ ಪ್ರವಾಸಿ ಊರುಗಳಿಗೆ ಜೀವ ಬರಲಿ ಎಂಬುದು ಸದುದ್ದೇಶವೇ. ಆದರೆ ಕಡಲು ನೋಡಬೇಕೆಂಬ ಆಸೆಗಿಂತ ತೆರಿಗೆ ಕಟ್ಟಬಾರದೆಂಬ ಆಸೆ ಹೆಚ್ಚು ಇಟ್ಟಿಗೆ ಹೊರಬಲ್ಲದು. ಜೊತೆಗೆ ಒಂದು ಲೋಪ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂಬ ಶಾಪವನ್ನು ನಮ್ಮ ಶಾಸನಗಳು ಕೊನೆಯಲ್ಲಿ ಮರೆಯದೆ ಕೆತ್ತುತ್ತವೆ. 1995ರ ಕರಡುಗಾರರಿಗೆ ಅದು ಹೊಳೆಯಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲವೆಂದು ಪ್ರಬಂಧಕಾರನ ಖಚಿತ ಮತ.

ಅನಾಹುತ ಬೇಗ ಹೇಳಿ ಮುಗಿಸುವಂಥದು. ಅಂದಿನ ಸರಕಾರಿ ಲೆಕ್ಕದಂತೆ 42 ಲಕ್ಷ ಜನರ ದೇಶ 2006ರೊಂದರಲ್ಲೇ 90 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿ ಮುಗಿಸಿತು. ಸ್ವಂತ ದ್ವೀಪ ಸಾಲದೆ, ಭೂಪಟದಂತೆ ಹರಡಿದ ದುಬೈನ ಕೃತಕ ದ್ವೀಪಗಳ ಪೈಕಿ ‘ಐರ್ಲೆಂಡ್’ ಎಂಬ ಮರಳುದಿಬ್ಬವನ್ನೂ ಐರಿಶ್ ಹೂಡಿಕೆದಾರರ ಗುಂಪೊಂದು ಕೊಂಡಿತು. 2008ರಲ್ಲಿ ಬ್ಯಾಂಕುಗಳು ಕುಸಿದವು. 2010ರ ಸರಕಾರಿ ಸಮೀಕ್ಷೆಯಲ್ಲಿ 2,846 ಅರೆಬರೆ ಬಡಾವಣೆಗಳು ಸಿಕ್ಕಿದವು. ಜನ ಇವಕ್ಕೆ ದೆವ್ವದ ಬಡಾವಣೆ ಎಂದು ಹೆಸರಿಟ್ಟರು, ದೆವ್ವಗಳಾದರೂ ಬಂದು ನೆಲೆಸಿದವೆಂದಲ್ಲ. 2011ರ ಜನಗಣತಿಯಲ್ಲಿ ಖಾಲಿ ಮನೆ 2,89,451. ಅದರಲ್ಲಿ ರಜಾಮನೆಗಳೇ 59,395.

ಇನ್ನು ಪ್ರಬಂಧದ ತಿರುಳು. 2011ರ ನವೆಂಬರ್ ಕೊನೆಯ ವಾರಾಂತ್ಯ, ಕೀಲ್ ಊರಿನ ಪಕ್ಕದ ಪೊಲ್ಲಾ ಗುಡ್ಡದ ಮೇಲೆ 30 ಕಾಂಕ್ರೀಟ್ ಕಂಬಗಳು ವೃತ್ತಾಕಾರವಾಗಿ ಎದ್ದವು. ಎತ್ತರ ಸುಮಾರು ನಾಲ್ಕೂವರೆ ಮೀಟರ್, ಸುತ್ತಳತೆ ನೂರು ಮೀಟರಿನ ಹತ್ತಿರ, ನೆತ್ತಿಯ ಮೇಲೆ ಕಂಬದಿಂದ ಕಂಬಕ್ಕೆ ತೊಲೆ. ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಹೊರಸುತ್ತಿನಲ್ಲೂ 30 ಕಂಬಗಳಿದ್ದವೆಂದು ಎಣಿಕೆ. ಹೀಗಾಗಿ ಜನ ಇದನ್ನು ‘ಆಕಿಲ್‌ಹೆಂಜ್’ ಎಂದರು. ಕರ್ತೃ ಜೋ ಮೆಕ್‌ನಮಾರಾ, ದ್ವೀಪದವರೇ, ಕಟ್ಟಡ ಉದ್ಯಮಿ. ಅದರ ಹಿಂದಿನ ವರ್ಷ ಆಂಗ್ಲೋ ಐರಿಶ್ ಬ್ಯಾಂಕನ್ನು ಹಳಿಯುವ ಬರಹ ಹೊತ್ತ ಸಿಮೆಂಟ್ ಮಿಕ್ಸರ್ ಲಾರಿಯನ್ನು ಡಬ್ಲಿನ್ನಿನ ಸಂಸತ್ತಿನ ಗೇಟಿಗೆ ನುಗ್ಗಿಸಿ ಹೆಸರಾಗಿದ್ದವರು. ಆ ಮೊಕದ್ದಮೆಯಲ್ಲಿ ಖುಲಾಸೆಯೂ ಆದರು.

ಸ್ಮಾರಕದ ಉದ್ದೇಶವೇನು? ಪೂರ್ವಪಕ್ಷ ಕರ್ತೃವಿನದು: ಇದು ಅಲಂಕಾರಿಕ ಉದ್ಯಾನ, ಉದ್ಯಾನಕ್ಕೆ ಪರವಾನಗಿ ಬೇಡ. ಉತ್ತರಪಕ್ಷ ಮೇಯೊ ಕೌಂಟಿ ಕೌನ್ಸಿಲಿನದು: ಇದು ಅನಧಿಕೃತ ಕಟ್ಟಡ. ಕೆಲಸ ನಿಲ್ಲಿಸೆಂಬ ಹೈಕೋರ್ಟ್ ಆದೇಶ ಮೀರಿದ್ದಕ್ಕೆ ಕರ್ತೃ ಕೆಲದಿನ ಜೈಲಿನಲ್ಲೂ ಇದ್ದರು. ಶಾಸ್ತ್ರಾರ್ಥಕ್ಕಾಗಿ ಇಷ್ಟು ತೆತ್ತವರು ಈಚೆಗೆ ಅಪರೂಪ. 2012ರಲ್ಲಿ ಯೋಜನಾ ಮೇಲ್ಮನವಿ ಮಂಡಳಿ ಸಿದ್ಧಾಂತ ಹೇಳಿತು: ವಿನಾಯಿತಿ ಇಲ್ಲ, ಪರವಾನಗಿ ಬೇಕೇ ಬೇಕು. ಸಿದ್ಧಾಂತವೂ ನಿಂತಿತು, ಕಂಬಗಳೂ ನಿಂತವು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಕುಳ್ಳ ಮೋರ್ಯರು ಕಟ್ಟಿದರೆಂದು ಊರವರು ಹೇಳುತ್ತಾರೆ; ಅವರ ಮೇಲೆ ಯಾವ ಪಂಚಾಯಿತಿಯೂ ನೋಟೀಸು ಹೊರಡಿಸಲಿಲ್ಲ. ಇಷ್ಟಂತೂ ನಿಜ: ತೆರಿಗೆ ರಿಯಾಯಿತಿ ಪಡೆದ ಎಷ್ಟೋ ಕಟ್ಟಡಗಳು ವರ್ಷಗಟ್ಟಲೆ ಅರ್ಧಕ್ಕೆ ನಿಂತ ದೇಶದಲ್ಲಿ, ವಾಸಕ್ಕೆ ಬಾರದ ಈ ಕಟ್ಟಡಕ್ಕೆ ಒಂದು ವಾರಾಂತ್ಯ ಸಾಕಾಯಿತು.

ಪ್ರತಿಸ್ಪರ್ಧಿ ಗುತ್ತಿಗೆದಾರನೊಬ್ಬನನ್ನು ಬಿಟ್ಟರೆ ಅಧ್ಯಯನ ಅಪೂರ್ಣ. ಅದು ಅಟ್ಲಾಂಟಿಕ್. 1984ರಲ್ಲಿ ಅದು ಡೂಆಗ್‌ನ ಮರಳುದಂಡೆಯನ್ನು ಪೂರ್ತಿ ಎತ್ತಿಕೊಂಡು ಹೋಯಿತು. 33 ವರ್ಷ ಬರೀ ಬಂಡೆ. 2017ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಟನ್ ಮರಳು ತಂದು ಸುರಿದು, ಹೊಸ ದಂಡೆಯನ್ನು ಹಸ್ತಾಂತರಿಸಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ಪ್ರವಾಸಿಗರು ಬಂದರು. 2019ರ ಆರಂಭದಲ್ಲಿ ಬಿರುಗಾಳಿಯೊಂದು ಅದನ್ನು ಮತ್ತೆ ಹೊತ್ತೊಯ್ದಿತು.

ಸಮಯಕ್ಕೆ ಸರಿಯಾಗಿ ಎದ್ದು ಸಮಯಕ್ಕೆ ಸರಿಯಾಗಿ ಇಳಿದ ಕಟ್ಟಡ ಬೇಕೆಂದರೆ ಸಿನಿಮಾದ ಕಡೆ ತಿರುಗಬೇಕು. ‘ದಿ ಬ್ಯಾನ್‌ಶೀಸ್ ಆಫ್ ಇನಿಶೆರಿನ್’ ಚಿತ್ರಕ್ಕಾಗಿ ಆಕಿಲ್‌ನ ಕ್ಲಾಮೋರ್‌ನಲ್ಲಿ ಕಡಲಿಗೆ ಮುಖಮಾಡಿ ಒಂದು ಪಬ್ಬು ಕಟ್ಟಿದರು, ಚಿತ್ರೀಕರಣ ಮುಗಿದ ಮೇಲೆ ಬಿಚ್ಚಿದರು. ಅದರ ಬಿಡಿಭಾಗಗಳನ್ನು ಪಕ್ಕದ ಗಾಲ್ವೇ ಜಿಲ್ಲೆಯ ಕಿಲ್ಕೆರಿನ್‌ಗೆ ಸಾಗಿಸಿ, ಅಲ್ಲಿನ ಅಸಲಿ ಪಬ್ಬೊಂದರ ಹಿತ್ತಲಲ್ಲಿ ಮತ್ತೆ ಜೋಡಿಸಿದ್ದಾರೆ. ಆಕಿಲ್‌ನಲ್ಲಿ ಅದನ್ನು ಹುಡುಕಿಕೊಂಡು ಬರುವವರಿಗೆ ಸಿಗುವುದು ಖಾಲಿ ಜಾಗ; ಹಾಗೆ ಬಂದವರು ಪೊಲ್ಲಾ ಗುಡ್ಡ ಹತ್ತಿ, ಕಂಬಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡು ಹೋಗುವುದುಂಟು.